ಹಳೆಯ ಪಿಸ್ತೂಲು ಹೊತ್ತ ಋಣ

ಕೊಲ್ಲುವುದಕ್ಕೆಂದೇ ನಿರ್ಮಿತವಾದ ಒಂದು ವಸ್ತು, ಅದನ್ನು ಮಾಡಿದವನೂ ಧರಿಸಿದವನೂ ಅದರಿಂದ ಹತನಾದವನೂ ಮಣ್ಣುಗೂಡಿ ಒಂದೂವರೆ ಶತಮಾನ ಕಳೆದ ಮೇಲೆ, ಕಾಗದದ ಮೇಲೆ ಬರೆದ ಒಂದು ವೃತ್ತವನ್ನು ಭೇದಿಸುವುದಕ್ಕಾಗಿ ಮತ್ತೊಬ್ಬನ ಕೈಸೇರಿದರೆ, ಅದು ಆಗಲೂ ಆಯುಧವೇ ಹೌದೋ, ಅಥವಾ ಅದರ ಹಿಂಸಾಧರ್ಮವು ಕಾಲದಲ್ಲಿ ಕರಗಿಹೋಗಿ ಅದು ಕೇವಲ ಕಬ್ಬಿಣವೂ ಕಟ್ಟಿಗೆಯೂ ಆಗಿ ಉಳಿಯಿತೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ವಿಲಾಸಿಗಳ ಹವ್ಯಾಸಕ್ಕೆ ಸಂಬಂಧಿಸಿದ್ದಾಗಿ ತೋರಿದರೂ, ವಿಚಾರಿಸಿ ನೋಡಿದಲ್ಲಿ ಕರ್ಮ, ಕರ್ತೃ, ಸ್ಮೃತಿ ಎಂಬ ಮೂರು ದೊಡ್ಡ ವಿಷಯಗಳ ಬುಡಕ್ಕೇ ಹೋಗಿ ಮುಟ್ಟುತ್ತದೆ.

ಇಂಥ ಸ್ಪರ್ಧೆಗಳು ಜಗತ್ತಿನಲ್ಲಿ ನಿಯಮಬದ್ಧವಾಗಿ ನಡೆಯುತ್ತಿವೆ. ಬಾಯಿಯಿಂದ ಮದ್ದು ತುಂಬುವ ಹಳೆಯ ಬಂದೂಕು ಪಿಸ್ತೂಲುಗಳ ಸಂಘಗಳು 1971ರಲ್ಲಿ ಒಂದುಗೂಡಿ ಅಂತರರಾಷ್ಟ್ರೀಯ ಸಮಿತಿಯೊಂದನ್ನು ಕಟ್ಟಿಕೊಂಡವು. ಅದರ ಆಶ್ರಯದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗಳೂ ಜರುಗುತ್ತವೆ. ಪಿಸ್ತೂಲಿನ ಗುರಿ 25 ಮೀಟರ್ ದೂರದಲ್ಲಿರುತ್ತದೆ. ನಿಂತುಕೊಂಡು, ಒಂದೇ ಕೈ ಚಾಚಿ, ಅರ್ಧ ಗಂಟೆಯೊಳಗೆ 13 ಗುಂಡು ಹಾರಿಸಬೇಕು. ಅವುಗಳಲ್ಲಿ ಉತ್ತಮವಾದ 10 ಮಾತ್ರ ಎಣಿಕೆಗೆ ಬರುತ್ತವೆ. ಚಕಮಕಿಯ ಪಿಸ್ತೂಲಿಗೊಂದು, ಕೇಪಿನ ಪಿಸ್ತೂಲಿಗೊಂದು, ಉರುಳೆಯ ರಿವಾಲ್ವರಿಗೊಂದು, ಜಪಾನಿನ ಬತ್ತಿಯ ಪಿಸ್ತೂಲಿಗೊಂದು ಎಂದು ಬೇರೆ ಬೇರೆ ಪಂದ್ಯಗಳಿದ್ದು, ಹಲವಕ್ಕೆ ಕೂಖೆನ್‌ರಾಯ್ಟರ್, ಕೊಮಿನಾಜೊ, ಮಾರಿಯೆಟ್ ಎಂಬ ಹಳೆಯ ಬಂದೂಕು ಕಮ್ಮಾರರ ಹೆಸರನ್ನೇ ಇಟ್ಟಿದ್ದಾರೆ. ಕರಿಮದ್ದನ್ನು ದೊಡ್ಡ ಬುರುಡೆಯಿಂದ ನೇರವಾಗಿ ನಳಿಕೆಗೆ ಸುರಿಯಕೂಡದು. ಒಂದೊಂದು ಬಾರಿಗೆ ಬೇಕಾದಷ್ಟನ್ನು ಮೊದಲೇ ಅಳೆದು ಒಂದೊಂದು ಪುಟ್ಟ ಶೀಸೆಯಲ್ಲಿ ತುಂಬಿಟ್ಟುಕೊಂಡಿರಬೇಕು. ಕೇಪಿನ ಪಿಸ್ತೂಲಿನಲ್ಲಿ ಮದ್ದು ಸುರಿದು, ಗುಂಡು ಇಳಿಸಿ, ಸಲಾಕೆಯಿಂದ ಗಟ್ಟಿಸಿ, ಕೇಪು ಕೂರಿಸಿ, ಉಸಿರು ಹಿಡಿದು ಕುದುರೆ ಎಳೆಯುವ ಈ ವಿಧಿ ಪ್ರತಿ ಗುಂಡಿಗೂ ಹೊಸದಾಗಿ ಆರಂಭವಾಗತಕ್ಕದ್ದು. ಸ್ಪರ್ಧೆ ಮುಗಿದ ದಿನವೇ ನೀರು ಹಾಕಿ ನಳಿಕೆಯನ್ನು ತೊಳೆಯದಿದ್ದರೆ, ಕರಿಮದ್ದಿನ ಕಿಟ್ಟ ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿಂದುಹಾಕುತ್ತದೆ.

ಚಕಮಕಿಯ ಪಿಸ್ತೂಲಿನಲ್ಲಿ ಇನ್ನೂ ಒಂದು ವಿಶೇಷವಿದೆ. ತತ್ತ್ವವಿಚಾರದಲ್ಲಿ ಆಸಕ್ತಿಯುಳ್ಳವನ ಲಕ್ಷ್ಯವನ್ನು ಅದು ತಾನಾಗಿಯೇ ಸೆಳೆಯುತ್ತದೆ. ಕುದುರೆ ಎಳೆದೊಡನೆ ಗುಂಡು ಹಾರುವುದಿಲ್ಲ. ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹುಟ್ಟಬೇಕು, ಕಿಡಿ ಹೊರಗಿನ ಬಟ್ಟಲಿನ ಮದ್ದಿಗೆ ತಗಲಬೇಕು, ಆ ಜ್ವಾಲೆ ಸಣ್ಣ ರಂಧ್ರವೊಂದರ ಮೂಲಕ ನಳಿಕೆಯೊಳಕ್ಕೆ ನುಗ್ಗಬೇಕು, ಆಮೇಲೆ ಒಳಗಣ ಮದ್ದು ಹೊತ್ತಬೇಕು. ಇಷ್ಟಕ್ಕೆ ಹಿಡಿಯುವ ಕಾಲ ಕ್ಷಣದ ಒಂದಂಶ ಮಾತ್ರ. ಆದರೂ ಕೈಗೆ ತಿಳಿಯುವಷ್ಟು ದೀರ್ಘ. ಸಂಕಲ್ಪ ಮುಗಿದಿದೆ, ಕ್ರಿಯೆ ಮುಗಿದಿದೆ, ಫಲ ಇನ್ನೂ ಬಂದಿಲ್ಲ. ಈ ಅಂತರಾಳದಲ್ಲಿ ಕಣ್ಣುಮುಂದೆಯೇ ಬೆಂಕಿ ಎದ್ದರೂ ಬೆಚ್ಚದೆ, ಫಲವನ್ನು ನೋಡುವ ಆತುರಕ್ಕೆ ತಲೆಯೆತ್ತದೆ, ತೋಳನ್ನು ಇದ್ದಂತೆಯೇ ಸ್ಥಿರವಾಗಿ ಹಿಡಿದಿರಬಲ್ಲವನ ಗುಂಡು ಮಾತ್ರ ವೃತ್ತದ ನಡುವನ್ನು ಸೇರುತ್ತದೆ. ಮುಂಡಕೋಪನಿಷತ್ತಿನ ಋಷಿಗೆ ಪರಬ್ರಹ್ಮವನ್ನು ಹೊಂದುವ ರೀತಿಯನ್ನು ಹೇಳುವುದಕ್ಕೆ ಧನುಸ್ಸು, ಬಾಣ, ಲಕ್ಷ್ಯಗಳ ರೂಪಕವೇ ಏಕೆ ಯೋಗ್ಯವಾಗಿ ಕಂಡಿತೆಂಬುದು ಇಂಥ ಸಾಧಕರನ್ನು ಕಂಡವರಿಗೆ ಮನವರಿಕೆಯಾಗದಿರದು. ಆದ್ದರಿಂದ ಹಳೆಯ ಪಿಸ್ತೂಲಿನ ಅಭ್ಯಾಸ ಬರಿಯ ಮೋಜೆಂದು ತಳ್ಳಿಹಾಕುವವರ ಪಕ್ಷವನ್ನು ನಾನು ಒಪ್ಪಲಾರೆ. ಅದರಲ್ಲಿ ಚಿತ್ತನಿಗ್ರಹದ ಒಂದು ಶಿಕ್ಷಣವಿದೆ. ಆದರೆ ನಿಗ್ರಹದ ಶಿಕ್ಷಣ ಬಿಲ್ಲಿನಿಂದಲೂ ದೊರೆಯುತ್ತದೆ, ಜಪಸರದಿಂದಲೂ ದೊರೆಯುತ್ತದೆ. ಅದಕ್ಕೆ ಸೈನಿಕರ ಸೊಂಟದಲ್ಲಿದ್ದ ಪಿಸ್ತೂಲೇ ಏಕೆ ಬೇಕಾಯಿತು?

ಭೀಮಾತೀರದ ಅಫಜಲಪುರ ತಾಲೂಕಿನ ನಮ್ಮ ಹವಳಗಾದಂಥ ಊರಿನಲ್ಲಿ, ಜೋಳ ತೊಗರಿಗಳ ಎರೆಹೊಲಗಳ ನಡುವೆ ಕುಳಿತು ಈ ಪ್ರಶ್ನೆಯನ್ನು ಎತ್ತುವುದು ಕೆಲವರಿಗೆ ಅಸಂಗತವೆನಿಸೀತು. ಕಬ್ಬಿನ ಗಾಡಿಗಳು ಸಕ್ಕರೆ ಕಾರ್ಖಾನೆಯ ಕಡೆಗೆ ಸಾಲುಗಟ್ಟಿ ಹೋಗುವ ಈ ಸೀಮೆಯಲ್ಲಿ ಪುರಾತನ ಪಿಸ್ತೂಲುಗಳ ಪಂದ್ಯ ಯಾರೂ ಕಂಡದ್ದಲ್ಲ. ಆದರೂ ಆಯುಧವೆಂಬುದು ಏನು ಎಂಬ ಜಿಜ್ಞಾಸೆ ಈ ನೆಲಕ್ಕೆ ಹೊಸತಲ್ಲ. ಮಹಾನವಮಿಯ ಖಂಡೇಪೂಜೆಯಂದು ಕೂರಿಗೆ, ಕುಂಟೆ, ಕುಡಗೋಲು, ಕೊಡಲಿಗಳನ್ನು ತೊಳೆದು ವಿಭೂತಿ ಕುಂಕುಮವಿಟ್ಟು ಸಾಲಾಗಿ ಇಟ್ಟಾಗ, ಹಳೆಯ ಮನೆತನಗಳಲ್ಲಿ ಒಂದು ಕತ್ತಿಯೋ ಭರ್ಚಿಯೋ ಉಳಿದಿದ್ದರೆ ಅದೂ ಆ ಸಾಲಿನಲ್ಲಿ ಬಂದು ಕೂಡುತ್ತದೆ. ಆ ದಿನ ಅವುಗಳಿಂದ ಯಾರೂ ಕೆಲಸ ಮಾಡಿಸುವುದಿಲ್ಲ. ಪೂಜೆಯೆಂದರೆ ಮೊದಲು ವಿಶ್ರಾಂತಿ. ಮರುದಿನ ಜನ, ಪಾಂಡವರು ಆಯುಧಗಳನ್ನು ಅಡಗಿಸಿಟ್ಟಿದ್ದರೆಂಬ ಬನ್ನಿಯ ಮರಕ್ಕೆ ಹೋಗಿ, ಅದರ ಎಲೆಯನ್ನೇ ಬಂಗಾರವೆಂದು ಪರಸ್ಪರ ಕೊಟ್ಟು ತಕ್ಕೊಂಡು, ವರ್ಷದ ವೈರವನ್ನು ಮರೆತು ಹಿರಿಯರ ಕಾಲಿಗೆ ಬೀಳುತ್ತಾರೆ. ಆಯುಧದ ಪೂಜೆಯೂ ವೈರದ ವಿಸರ್ಜನೆಯೂ ಒಂದೇ ಹಬ್ಬದ ಎರಡು ದಿನಗಳಾಗಿರುವುದನ್ನು ಆಕಸ್ಮಿಕವೆಂದು ಎಣಿಸಲು ನನಗೆ ಮನಸ್ಸಾಗದು.

ಶಾಸ್ತ್ರಗಳ ಕಡೆಗೆ ತಿರುಗಿದರೆ ಎರಡು ಪ್ರಬಲವಾದ ಪಕ್ಷಗಳು ಎದುರಾಗುತ್ತವೆ. ಜಡವಸ್ತುವಿಗೆ ಕರ್ತೃತ್ವವಿಲ್ಲ, ಪಾಪಪುಣ್ಯಗಳು ಸಂಕಲ್ಪಿಸಿದ ಚೇತನಕ್ಕೆ ಮಾತ್ರ ಅಂಟತಕ್ಕವು ಎಂಬುದು ಒಂದು ಪಕ್ಷ. ಗೀತೆಯಂತೂ ಹನ್ನೊಂದನೆಯ ಅಧ್ಯಾಯದಲ್ಲಿ ಬಿಲ್ಲು ಹಿಡಿದ ಅರ್ಜುನನನ್ನೇ ನಿಮಿತ್ತಮಾತ್ರನಾಗೆಂದು ಕರೆಯುವಾಗ, ಬಿಲ್ಲಿನ ಮಾತನ್ನೇನು ಹೇಳುವುದು! ಈ ದೃಷ್ಟಿಯಿಂದ ನೋಡಿದರೆ ಹಳೆಯ ಪಿಸ್ತೂಲು ನಿರ್ದೋಷಿ. ಅದನ್ನು ಹಿಡಿದವನ ಇಂದಿನ ಸಂಕಲ್ಪವೊಂದೇ ವಿಚಾರಾರ್ಹ. ಆ ಸಂಕಲ್ಪ ಕಾಗದದ ವೃತ್ತವಾದರೆ ಅಲ್ಲಿಗೆ ಪ್ರಶ್ನೆ ತೀರಿತು.

ಇನ್ನೊಂದು ಪಕ್ಷ ಜೈನರದು; ಅದನ್ನು ಅಷ್ಟು ಸುಲಭವಾಗಿ ದಾಟಿಹೋಗಲು ಬರುವುದಿಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕರ್ಮದ ಆಸ್ರವಕ್ಕೆ ಆಧಾರವಾಗುವ ಅಧಿಕರಣ ಜೀವವೂ ಆಗಬಹುದು, ಅಜೀವವೂ ಆಗಬಹುದು ಎಂದು ಪ್ರತಿಪಾದಿಸಿ, ಅಜೀವ ಅಧಿಕರಣದಲ್ಲಿ ವಸ್ತುವನ್ನು ನಿರ್ಮಿಸುವುದು, ಇಡುವುದು, ಜೋಡಿಸುವುದು, ಪ್ರವರ್ತಿಸುವುದು ಎಂಬ ನಾಲ್ಕು ಬಗೆಗಳನ್ನು ಗಣಿಸುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಯೋಜನವಿಲ್ಲದ ಪಾಪಗಳ ಐದು ಬಗೆಗಳನ್ನು ಎಣಿಸುವಾಗ, ಕೊಡಲಿ ಕತ್ತಿ ಮೊದಲಾದ ಹಿಂಸೋಪಕರಣಗಳನ್ನು ಇತರರಿಗೆ ಕೊಡುವ ಹಿಂಸಾದಾನವೂ ಅವುಗಳಲ್ಲೊಂದೆಂದು ಹೇಳಿದೆ. ರಾಷ್ಟ್ರಕೂಟರ ಮಾನ್ಯಖೇಟ, ಇಂದಿನ ಮಳಖೇಡ, ನಮ್ಮ ಜಿಲ್ಲೆಯಲ್ಲೇ ಭೀಮೆಯನ್ನು ಸೇರುವ ಕಾಗಿಣಾ ನದಿಯ ತೀರದಲ್ಲಿದೆ. ಅಮೋಘವರ್ಷನ ಆ ರಾಜಧಾನಿಯಲ್ಲಿ, ಖಡ್ಗದಿಂದ ಗಳಿಸಿದ ಸಾಮ್ರಾಜ್ಯದ ನಡುವೆಯೇ, ಈ ಬಗೆಯ ಸೂಕ್ಷ್ಮವಿಚಾರದ ಪರಂಪರೆ ಬೆಳೆಯಿತೆಂಬುದನ್ನು ನೆನೆದರೆ ಆಶ್ಚರ್ಯವೂ ಗೌರವವೂ ಒಟ್ಟಿಗೇ ಉಂಟಾಗುತ್ತವೆ. ಈ ಪಕ್ಷದವರ ಎದುರು, ನನ್ನ ಸಂಕಲ್ಪ ಶುದ್ಧವಾಗಿದೆ ಎಂಬಷ್ಟು ಮಾತ್ರದಿಂದ ಪಿಸ್ತೂಲುಗಾರನು ಪಾರಾಗಲಾರ. ವಸ್ತುವು ಏನನ್ನು ಮಾಡುವುದಕ್ಕೆ ರೂಪಿತವಾಗಿದೆ ಎಂಬುದಕ್ಕೂ ಅವನು ಉತ್ತರ ಕೊಡಬೇಕು.

ನನಗೆ ತೋರುವಂತೆ, ಸ್ಪರ್ಧೆಯ ನಿಯಮಗಳಲ್ಲೇ ಈ ವಿವಾದವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯುವ ಸೂಚನೆಯೊಂದು ಅಡಗಿದೆ. ಅಲ್ಲಿ ಮೂಲ ಆಯುಧಗಳದೊಂದು ವರ್ಗ, ಇಂದಿನವರು ಅದೇ ಮಾದರಿಯಲ್ಲಿ ಹೊಸದಾಗಿ ಮಾಡಿದ ಪ್ರತಿಕೃತಿಗಳದೊಂದು ವರ್ಗ ಎಂದು ವಿಂಗಡಣೆಯಿದೆ. ಪ್ರತಿಕೃತಿಯೂ ಅದೇ ಮದ್ದಿನಿಂದ ಅದೇ ಗುಂಡನ್ನು ಹಾರಿಸುತ್ತದೆ. ಗುರಿಯನ್ನೂ ಕಡಿಮೆಯೇನೂ ಹೊಡೆಯದು. ಹೀಗಿದ್ದರೂ ಬಹುಮೌಲ್ಯವನ್ನು ತೆತ್ತು, ಒಡೆಯುವ ಭಯವನ್ನು ಸಹಿಸಿ, ಒಬ್ಬನು ಮೂಲವನ್ನೇ ಅರಸಿಕೊಂಡು ಹೋಗುವುದೇಕೆ? ಅದು ಆ ಕಾಲವನ್ನು ಕಂಡದ್ದು, ಅದು ಯಾರದೋ ಕೈಯಲ್ಲಿದ್ದದ್ದು, ಅದಕ್ಕೊಂದು ಚರಿತ್ರೆಯುಂಟು ಎಂಬ ಕಾರಣಕ್ಕಾಗಿ. ಎಂದ ಮೇಲೆ, ಕಬ್ಬಿಣಕ್ಕೆ ಭೂತಕಾಲವಿಲ್ಲ ಎಂಬ ವಾದವನ್ನು ಅವನು ತನ್ನ ಆಯ್ಕೆಯಿಂದಲೇ ಕೈಬಿಟ್ಟಂತಾಯಿತು. ಭೂತಕಾಲದ ಕೀರ್ತಿಯನ್ನು ತನ್ನದಾಗಿ ಮಾಡಿಕೊಂಡು ಅದರ ರಕ್ತವನ್ನು ಮಾತ್ರ ಬೇಡವೆನ್ನುವುದಕ್ಕೆ ಅವನಿಗೆ ಅಧಿಕಾರವಿಲ್ಲ. ತಂದೆಯ ಹೊಲ ಮಗನಿಗೆ ಬಂದಾಗ ಹೊಲದ ಮೇಲಣ ಸಾಲವೂ ಬರುತ್ತದೆ. ಪಿಸ್ತೂಲಿಗೆ ಪಾಪವಿಲ್ಲದಿರಬಹುದು. ಋಣವಿದೆ, ಮತ್ತು ಆ ಋಣ ಅದನ್ನು ಪ್ರೀತಿಯಿಂದ ಆರಿಸಿಕೊಂಡವನ ಕೊರಳಿಗೆ ಬೀಳುತ್ತದೆ.

ಋಣವೆಂದರೆ ಇಲ್ಲಿ ಏನೆಂಬುದನ್ನು ನಮ್ಮ ಸೀಮೆಯ ಒಂದು ಪ್ರಸಂಗದಿಂದ ಹೇಳುವುದು ಯುಕ್ತ. ಜೇವರ್ಗಿಯ ದಕ್ಷಿಣಕ್ಕೆ ಸುರಪುರವಿದೆ. ಅಲ್ಲಿಯ ಬೇಡರ ಅರಸು ರಾಜಾ ವೆಂಕಟಪ್ಪ ನಾಯಕನು ಬಾಲಕನಾಗಿದ್ದಾಗ ಆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡವರು ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ. ಬಾಲಕನು ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದನೆಂದು ಅವರು ಬರೆದಿದ್ದಾರೆ. 1858ರಲ್ಲಿ ವೆಂಕಟಪ್ಪ ನಾಯಕನು ಕಂಪನಿ ಸರಕಾರದ ವಿರುದ್ಧ ಎದ್ದು, ಸೋತು, ಸೆರೆಸಿಕ್ಕಿದನು. ಮರಣದಂಡನೆ ಮೊದಲು ದ್ವೀಪಾಂತರವಾಗಿ, ಆಮೇಲೆ ನಾಲ್ಕು ವರ್ಷಗಳ ಸೆರೆಯಾಗಿ ಇಳಿದು, ಅವನನ್ನು ಮದ್ರಾಸಿನ ಕಡೆಯ ಕೋಟೆಯೊಂದಕ್ಕೆ ಕರೆದೊಯ್ಯುತ್ತಿದ್ದಾಗ, ದಾರಿಯ ಬಿಡಾರದಲ್ಲಿ ಕಾವಲಿನ ಅಧಿಕಾರಿ ಬಿಚ್ಚಿಟ್ಟ ಸೊಂಟಪಟ್ಟಿಯ ರಿವಾಲ್ವರಿನಿಂದ ಅವನು ಸತ್ತನು. ತಾನೇ ಹಾರಿಸಿಕೊಂಡನೆಂಬುದು 1877ರಲ್ಲಿ ಅಚ್ಚಾದ ಟೇಲರರ ಆತ್ಮಕಥೆಯ ಮಾತು; ಅನ್ಯರು ಹಾರಿಸಿದರೆಂಬ ಸಂಶಯ ಈ ನಾಡಿನಲ್ಲಿ ಉಳಿದುಕೊಂಡು ಬಂದಿದೆ. ಅವನಿಗೆ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಗಂಡಾಂತರವೆಂದು ಜಾತಕ ಹೇಳಿತ್ತೆಂಬುದನ್ನೂ, ಆ ಭವಿಷ್ಯವನ್ನು ತಾವು ಬಲ್ಲವರಾಗಿದ್ದುದನ್ನೂ ಟೇಲರರೇ ದುಃಖದಿಂದ ದಾಖಲಿಸಿದ್ದಾರೆ. ಅಪ್ಪನೆಂದು ಕರೆಸಿಕೊಂಡ ವ್ಯಕ್ತಿ ಆಳುವವರ ಕಡೆಯಲ್ಲಿ ನಿಂತು ಆ ಹುಡುಗನ ಅಂತ್ಯವನ್ನು ಬರೆಯಬೇಕಾಗಿ ಬಂದ ಆ ಪುಟಗಳನ್ನು ಓದಿದವರ ಮನಸ್ಸು ಭಾರವಾಗದಿರದು.

ಆ ಕಾಲದ ಸೇನಾಧಿಕಾರಿಗಳು ಧರಿಸುತ್ತಿದ್ದ ರಿವಾಲ್ವರುಗಳು ಬಹುಮಟ್ಟಿಗೆ ಆಡಮ್ಸ್, ಕೋಲ್ಟ್ ಮೊದಲಾದ ಕಮ್ಮಟಗಳವು. ಉರುಳೆಯ ಮುಂಬದಿಯಿಂದ ಮದ್ದು ಗುಂಡು ತುಂಬಿ ಹಿಂಬದಿಗೆ ಕೇಪು ಕೂರಿಸತಕ್ಕ ಜಾತಿಯವು. ಇಂದು ಮೂಲ ರಿವಾಲ್ವರುಗಳ ವರ್ಗದಲ್ಲಿ 25 ಮೀಟರಿನ ಕಾಗದಕ್ಕೆ ಹಾರುತ್ತಿರುವವು ಇದೇ ಜಾತಿಯವೇ. ಅವುಗಳಲ್ಲಿ ಯಾವುದು ಯಾವ ಬಿಡಾರದಲ್ಲಿ ಯಾರ ಎದೆಗೆ ಹಾರಿತ್ತೆಂಬ ಲೆಕ್ಕ ಯಾರ ಬಳಿಯೂ ಇಲ್ಲ. ಸುಂದರವಾದ ಅಕ್ರೋಟಿನ ಹಿಡಿಯನ್ನೂ ನೀಲಿ ಹೊಳಪಿನ ನಳಿಕೆಯನ್ನೂ ಮೆಚ್ಚಿ ಮಾತಾಡುವವರು ಈ ಲೆಕ್ಕವಿಲ್ಲದಿರುವುದನ್ನು ಒಂದು ಬಿಡುಗಡೆಯೆಂದು ಭಾವಿಸುವುದುಂಟು. ನನಗೆ ಅದು ಬಿಡುಗಡೆಯಾಗಿ ಕಾಣುವುದಿಲ್ಲ. ಹೆಸರು ತಿಳಿಯದ ಮೃತರು ಹೆಸರು ತಿಳಿದ ಮೃತರಿಗಿಂತ ಕಡಿಮೆ ಮೃತರಲ್ಲ. ಪಿತೃಪಕ್ಷದಲ್ಲಿ ಗೊತ್ತಿಲ್ಲದವರಿಗೂ ಒಂದು ಬೊಗಸೆ ಎಳ್ಳುನೀರು ಬಿಡುವ ಜನಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಸ್ಪರ್ಧೆಯಲ್ಲಿ ಯಾರಿಗೂ ಗಾಯವಾಗುವುದಿಲ್ಲ, ಆದ್ದರಿಂದ ಅದು ಅಹಿಂಸೆಯೇ ಎಂದು ವಾದಿಸುವವರಿದ್ದಾರೆ. ರಕ್ತ ಬೀಳದಿರುವುದೊಂದೇ ಅಹಿಂಸೆಯ ಲಕ್ಷಣವಲ್ಲವೆಂಬುದಕ್ಕೆ ಆಳಂದದಲ್ಲಿ ಹುಟ್ಟಿದ ಏಕಾಂತದ ರಾಮಯ್ಯನ ವೃತ್ತಾಂತವೇ ಸಾಕ್ಷಿ. ಸುಮಾರು 1200ರ ಅಬ್ಬಲೂರಿನ ಶಾಸನ ಹೇಳುವಂತೆ, ಪುರುಷೋತ್ತಮಭಟ್ಟನ ಮಗನಾದ ಈ ಶಿವಭಕ್ತನು ಜೈನರೊಡನೆ ಓಲೆ ಬರೆಸಿ ಪಣವೊಡ್ಡಿ, ತನ್ನ ತಲೆಯನ್ನು ತಾನೇ ಅರಿದು ಶಿವನಿಗರ್ಪಿಸಿ, ಏಳು ದಿನಗಳ ಮೇಲೆ ಅದನ್ನು ಮರಳಿ ಪಡೆದನು. ಆಯುಧವನ್ನು ಪರರ ಮೇಲೆ ಎತ್ತದೆ ತನ್ನ ಮೇಲೆಯೇ ತಿರುಗಿಸಿಕೊಂಡ ಪಣವಿದು. ಭಕ್ತಿಯ ಪರಾಕಾಷ್ಠೆಯೆಂದು ನಾವು ಇದನ್ನು ಬಾಲ್ಯದಿಂದ ಕೇಳುತ್ತ ಬಂದವರು. ಆದರೆ ಶಾಸನ ಅಲ್ಲಿಗೆ ನಿಲ್ಲುವುದಿಲ್ಲ. ಗೆದ್ದವನು ಜಿನಬಿಂಬವನ್ನು ಭಗ್ನಗೊಳಿಸಿದನೆಂದೂ, ಜೈನರು ದೂರು ಹೊತ್ತು ಹೋದ ದೊರೆ ಬಿಜ್ಜಳನ ಆಸ್ಥಾನದಲ್ಲಿಯೂ ಅವನಿಗೇ ಜಯಪತ್ರ ದೊರೆಯಿತೆಂದೂ ಅದು ಮುಂದುವರಿಯುತ್ತದೆ. ಪರರ ಮೇಲೆ ಆಯುಧವೆತ್ತದೆ ಆರಂಭವಾದ ಸ್ಪರ್ಧೆಯೊಂದು ಒಂದು ಸಮುದಾಯದ ಪೂಜ್ಯವಸ್ತುವಿನ ನಾಶದಲ್ಲಿ ಮುಗಿಯಿತು. ಶರಣರ ಮೇಲಣ ಗೌರವದಿಂದಲೇ ನಾನು ಈ ಭಾಗವನ್ನು ಮುಚ್ಚಿಡದೆ ಹೇಳುತ್ತಿದ್ದೇನೆ. ಇದೇ ಭೀಮೆಯ ತೀರದ ಸನ್ನತಿಯಲ್ಲಿ, ಚಂದ್ರಲಾಂಬೆಯ ಗುಡಿಯ ಆವರಣದೊಳಗೆ ದೇವೀವಿಗ್ರಹದ ಪೀಠವಾಗಿ ಬಹುಕಾಲ ಬಳಕೆಯಲ್ಲಿದ್ದ ಶಿಲೆಯೊಂದರ ಮೇಲೆ, ಅಶೋಕನ ಹನ್ನೆರಡನೆಯ ಶಾಸನದ ಭಾಗವಿರುವುದು 1989ರ ವೇಳೆಗೆ ಬೆಳಕಿಗೆ ಬಂತು. ತನ್ನ ಮತವನ್ನು ಹೊಗಳುವ ಭರದಲ್ಲಿ ಪರಮತವನ್ನು ಹಳಿಯಬಾರದೆಂಬುದು ಆ ಶಾಸನದ ವಿಷಯ. ಕಲಿಂಗವನ್ನು ಶಸ್ತ್ರದಿಂದ ಗೆದ್ದ ಬಳಿಕ ಆ ಗೆಲವನ್ನು ಕುರಿತು ಪಶ್ಚಾತ್ತಾಪಪಟ್ಟ ದೊರೆಯ ಮಾತು ಅದು. ಶಸ್ತ್ರವನ್ನು ಹಿಡಿದದ್ದನ್ನು ಮರೆಯದವನ ಮಾತಾದುದರಿಂದಲೇ ಅದಕ್ಕೆ ತೂಕವಿದೆ.

ಅಬ್ಬಲೂರಿನ ಶಾಸನಗಳನ್ನು ಸಂಪಾದಿಸಿ ಪ್ರಕಟಿಸಿದ ಫ್ಲೀಟ್ ಮಹಾಶಯರೇ ಹಲಗಲಿಯ ಬೇಡರ ಲಾವಣಿಯನ್ನೂ ಜನರ ಬಾಯಿಂದ ಬರೆದುಕೊಂಡು ಅಚ್ಚು ಹಾಕಿಸಿದವರು. 1857ರ ನಿಃಶಸ್ತ್ರೀಕರಣದ ಕಾಯಿದೆಯಂತೆ ಆಯುಧಗಳನ್ನು ಒಪ್ಪಿಸಲು ಮುಧೋಳ ಸಂಸ್ಥಾನದ ಆ ಹಳ್ಳಿಯ ಬೇಡರು ನಿರಾಕರಿಸಿದ್ದಕ್ಕೆ ಊರು ಸುಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿದರು. ಆಯುಧವನ್ನು ಕೇವಲ ಕೊಲ್ಲುವ ಸಾಧನವೆಂದು ತಿಳಿದವರಿಗೆ ಈ ಹಟ ಮೂಢತನವಾಗಿ ಕಂಡೀತು. ಆ ಜನಕ್ಕೆ ಅದು ಕುಲದ ಮಾನವಾಗಿತ್ತು, ಹೊಟ್ಟೆಯ ಪಾಡೂ ಆಗಿತ್ತು.

ಅದೇ ನಿಃಶಸ್ತ್ರೀಕರಣದ ಕಾಲದಲ್ಲಿ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ವಿನಾಯಿತಿ ಕೊಟ್ಟರು. ಸ್ವತಂತ್ರ ಭಾರತದ ಸರಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದೆ. ಸೆಪ್ಟೆಂಬರ್ ತಿಂಗಳ ಕೈಲ್‌ಪೊಳ್ದ್ ಹಬ್ಬದಂದು, ನಾಟಿಯ ಕೆಲಸ ಮುಗಿದ ಮೇಲೆ, ಐನ್‌ಮನೆಯ ಹಿರಿಯರ ದೀಪದ ಮುಂದೆ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಇಟ್ಟು, ತೋಕ್‌ಪೂ ಎಂಬ ಕೆಂಪು ಹಳದಿಯ ಹೂವನ್ನು ಮುಡಿಸಿ, ಪೂಜೆಯಾದ ಬಳಿಕ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ನಡೆಸುತ್ತಾರೆ. ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಆಕಾಶಕ್ಕೆ ಹಾರಿಸುವ ಪದ್ಧತಿಯೂ ಅಲ್ಲಿದೆ. ನಾನು ವಿಚಾರಿಸುತ್ತಿರುವ ಪ್ರಶ್ನೆಗೆ ಕನ್ನಡನಾಡಿನಲ್ಲಿ ಬದುಕಿನಿಂದಲೇ ಉತ್ತರ ಕೊಟ್ಟವರಿದ್ದರೆ ಅವರು ಕೊಡಗಿನವರು. ಅಲ್ಲಿ ಸ್ಪರ್ಧೆ ಇದೆ, ನೈಪುಣ್ಯದ ಹೆಮ್ಮೆ ಇದೆ, ಗೆದ್ದವನಿಗೆ ಬಹುಮಾನವೂ ಇದೆ. ಆದರೆ ಕೋವಿ ಸ್ಪರ್ಧೆಯ ಬಯಲಿಗೆ ಬರುವ ಮುನ್ನ ಸತ್ತವರ ದೀಪವನ್ನು ಹಾದು ಬರುತ್ತದೆ. ಅದು ಹಾದುಬರುವ ಆ ದಾರಿಯೇ ನನಗೆ ಮುಖ್ಯವಾಗಿ ತೋರುತ್ತದೆ.

ನಮ್ಮ ದೇಶದ ಕಾನೂನು ಬೇರೊಂದು ದಾರಿಯನ್ನು ಹಿಡಿದಿದೆ. 1959ರ ಆಯುಧ ಕಾಯಿದೆಯ 45ನೆಯ ಕಲಮು ಬಳಕೆ ತಪ್ಪಿದ ಅಥವಾ ಪ್ರಾಚೀನ ಮೌಲ್ಯದ ಆಯುಧವನ್ನು ಕಟ್ಟಳೆಗಳಿಂದ ಬಿಡುವುದಾದರೂ, ರಿಪೇರಿ ಮಾಡಿದರೂ ಅದು ಹಾರಲಾರದ ಸ್ಥಿತಿಯಲ್ಲಿರಬೇಕೆಂಬ ಷರತ್ತನ್ನು ಹಾಕುತ್ತದೆ. ಪುರಾತನವಾಗಿರಬೇಕು, ಆದರೆ ಸತ್ತಿರಬೇಕು. ಸಮಾಜದ ರಕ್ಷಣೆಗೆ ಇದು ಅವಶ್ಯವಾದ ವಿವೇಕವೆಂಬುದನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಸತ್ತ ಆಯುಧವನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟು ನೋಡುವವನು ಅದರ ರೂಪವನ್ನು ಕಾಣುತ್ತಾನೆ; ಅದರ ಭೀತಿಯನ್ನು ಕಾಣಲಾರ. ಸ್ಪರ್ಧೆಯ ಬಯಲಿನಲ್ಲಿ ಬಿಳಿಯ ಹೊಗೆ ಎದ್ದು, ಗಂಧಕದ ವಾಸನೆ ಹರಡಿ, ಅಂಗೈಗೆ ಒದೆತ ತಗಲಿದಾಗ, ಇದೇ ಗುಂಡು ಇದೇ ದೂರದಿಂದ ಮನುಷ್ಯನೊಬ್ಬನ ಮೈಗೆ ತಗಲುತ್ತಿತ್ತೆಂಬ ಅರಿವು ಮಾಂಸದೊಳಗೇ ಹುಟ್ಟುವ ಸಂಭವವಿದೆ. ಹುಟ್ಟಿಯೇ ತೀರುವುದೆಂದಲ್ಲ, ಅಂಕಗಳ ಚಿಂತೆ ಅದನ್ನು ಬಹು ಬೇಗ ಮರೆಸಬಲ್ಲದು.

ಆದ್ದರಿಂದ ವೆಂಕಟಪ್ಪ ನಾಯಕನ ಪ್ರಾಣ ಹೋದ ಆ ರಿವಾಲ್ವರು ಯಾವುದಾದರೂ ಕಪಾಟಿನಲ್ಲಿ ಇಂದೂ ಇದ್ದು, ಅದೇ ಇದೆಂದು ಸಂಶಯಾತೀತವಾಗಿ ಸಿದ್ಧವಾದರೆ, ಅದನ್ನು ಯಾವ ಸ್ಪರ್ಧೆಯಲ್ಲಿಯೂ ಹಾರಿಸಬಾರದೆಂಬುದೇ ನನ್ನ ಅಭಿಪ್ರಾಯ. ಅದು ಸುರಪುರಕ್ಕೆ ಬರಬೇಕು. ಅಲ್ಲಿಯ ಜನ ಅದನ್ನು ಇಟ್ಟುಕೊಳ್ಳಬೇಕೋ, ಹೂಳಬೇಕೋ, ಖಂಡೇಪೂಜೆಯ ಸಾಲಿನಲ್ಲಿ ಕೂರಿಸಬೇಕೋ ಎಂಬುದನ್ನು ಅವರೇ ನಿರ್ಣಯಿಸಲಿ. ಹೆಸರು ತಿಳಿದ ಮರಣದ ಮೇಲೆ ಅಂಕ ಗಳಿಸುವ ಹಕ್ಕು ಪರರಿಗಿಲ್ಲ.

ಅದೇ ಕಮ್ಮಟದಿಂದ ಬಂದು, ಯಾರನ್ನು ಹೊಡೆಯಿತೆಂಬ ದಾಖಲೆಯಿಲ್ಲದೆ ಉಳಿದ ಪಿಸ್ತೂಲುಗಳ ವಿಷಯದಲ್ಲಿ ನಾನು ಇಷ್ಟು ಕಠಿಣನಾಗಲಾರೆ. ಅವುಗಳನ್ನು ತೊಳೆದು ಎಣ್ಣೆ ಹಚ್ಚಿ ಮಗುವಿನಂತೆ ಕಾಪಾಡುವವರ ಶ್ರದ್ಧೆ ನಿಜವಾದದ್ದು. ಕಿಡಿಗೂ ಗುಂಡಿಗೂ ನಡುವಣ ಕ್ಷಣದಲ್ಲಿ ಅವರು ಕಲಿಯುವ ಸ್ಥೈರ್ಯವೂ ನಿಜವಾದದ್ದು. ಅವರು ಹಾರಿಸಲಿ. ಆದರೆ ಅವರ ನಿಯಮಾವಳಿಯಲ್ಲಿ 13 ಗುಂಡುಗಳ ಪೈಕಿ ಮೂರು ಲೆಕ್ಕಕ್ಕೆ ಬಾರದವು ಇರುವುದರಿಂದ, ಮೂಲ ಆಯುಧವನ್ನು ಹಿಡಿದವನು ಮೊದಲಿನ ಎರಡನ್ನು, ಕೊಡಗಿನಲ್ಲಿ ಸಾವಿಗೆ ಎರಡು ಹಾರಿಸುವಂತೆ, ಹಿಂದಿನ ಮಣ್ಣುದಿಬ್ಬಕ್ಕೆ ಬಿಟ್ಟು ಆಮೇಲೆ ಕಾಗದದ ಕಡೆಗೆ ತಿರುಗಬಹುದಲ್ಲವೇ? ಇದರಿಂದ ಗುಂಡುಗಳ ಎಣಿಕೆಯ ನಿಯಮವೇನೂ ಮುರಿಯುವುದಿಲ್ಲ. ಅವನಿಗೆ ನಷ್ಟ ಮಾತ್ರ ಖಂಡಿತವಾಗಿ ಆಗುತ್ತದೆ: ಉಳಿದ 11ರಲ್ಲಿ ಒಂದೇ ತಪ್ಪಿಗೆ ಅವಕಾಶವಿರುತ್ತದೆ, ಪಕ್ಕದವನಿಗೆ ಮೂರಕ್ಕೆ.